ಸಹಾಯವಿಲ್ಲದೆ ನಿಲ್ಲಬಲ್ಲರು

ಮಾರ್ಚ್ ೪
ಇವತ್ತು ಮನೆ-ಸಹಾಯಕನ ಸವಲತ್ತಿಗೆ ಮೂರನೆಯ ಅರ್ಜಿ. ನಮ್ಮ ನಿವೃತ್ತರ ಸಂಘದ ಕೋಣೆಯ ಫ್ಯಾನ್ ಕೆಟ್ಟು ವಾರವಾಯಿತು, ಯಾರಿಗೂ ಪುರುಸೊತ್ತಿಲ್ಲ. ಮೂವತ್ತು ವರ್ಷ ಠಾಣೆಯಲ್ಲಿ ರೈಟರ್ ಆಗಿ ಕಳ್ಳರ ಹೇಳಿಕೆ ಬರೆದೆ. ಕಳ್ಳರೇ ವಾಸಿ. ಈ ನಿವೃತ್ತ ಪೊಲೀಸರ ಬಾಯಿ ಬಿಡಿಸುವುದು ದೊಡ್ಡ ಬ್ರಹ್ಮವಿದ್ಯೆ.

ದಫೇದಾರರ ಮನೆಗೇ ಹೋಗಿ ಫಾರಂ ತುಂಬಿದೆ. ಗಲಭೆಯಲ್ಲಿ ಬೆನ್ನುಮೂಳೆ ಮುರಿದುಕೊಂಡವರು. ಸೊಂಟದ ಕೆಳಗೆ ಅರ್ಧ ಜೀವ.
‘ಸ್ನಾನ?’
‘ನಾನೇ ಮಾಡ್ತೀನಿ.’
‘ಬಟ್ಟೆ?’
‘ನಾನೇ ಹಾಕ್ಕೋತೀನಿ.’
ಒಳಗಿಂದ ಅವರ ಹೆಂಡತಿ, ನಮ್ಮೆಲ್ಲರ ಅತ್ತಿಗೆ: ‘ಹೌದೌದು, ನಿನ್ನೆ ಓಟದಲ್ಲಿ ಕಪ್ಪೂ ಗೆದ್ದು ಬಂದ್ರು.’

ಹನ್ನೊಂದು ವರ್ಷದಿಂದ ಗಂಡನನ್ನು ಎತ್ತಿ ಕೂರಿಸಿ ಅತ್ತಿಗೆಯ ಬೆನ್ನೇ ಹೋಗಿದೆ. ಇನ್ನು ಭಾರ ಎತ್ತಿದರೆ ಕಾಲೇ ಹೋಗುತ್ತದೆ ಎಂದಿದ್ದಾರೆ ಡಾಕ್ಟರು. ದಿನಕ್ಕೆ ಎರಡು ಗಂಟೆ ಇಲಾಖೆಯ ಸಹಾಯಕ ಬಂದರೆ ಇಬ್ಬರೂ ಉಳಿದುಕೊಳ್ಳುತ್ತಾರೆ.

ಮಾರ್ಚ್ ೧೯
ಇಲಾಖೆಯ ತಪಾಸಣೆ ಮುಂದಿನ ವಾರ. ದಫೇದಾರರಿಗೆ ಗಿಳಿಗೆ ಕಲಿಸಿದ ಹಾಗೆ ಕಲಿಸಿದೆ — ‘ಆಗಲ್ಲ ಅನ್ನಿ.’ ‘ಆಗ...’ ಎಂದು ನಿಲ್ಲಿಸಿ ನೀರು ಕೇಳಿದರು. ರೇಗಿತು. ‘ಜಂಬ ಬಂದು ಸ್ನಾನ ಮಾಡಿಸುತ್ತೇನ್ರೀ?’ ಅಂದೆ. ಕಡೆಗೆ ಹೇಳಿದರು. ಗೋಡೆ ನೋಡಿಕೊಂಡು, ಮೆಲ್ಲಗೆ. ಕೇಳಿ ಸಂಕಟವಾಯಿತು.

ಮಾರ್ಚ್ ೨೬, ಮಧ್ಯಾಹ್ನ ೨
ಎಲ್ಲಾ ಹಾಳಾಯಿತು.

ತಪಾಸಣೆಗೆ ಬಂದವರು ನಮ್ಮ ಹಳೆಯ ಸಾಹೇಬರು. ಬೂಟಿನ ಸದ್ದು ಕೇಳಿದ್ದೇ ತಡ, ದಫೇದಾರರು ಮಂಚ ಹಿಡಿದು ಎದ್ದೇಬಿಟ್ಟರು. ಸೆಲ್ಯೂಟ್! ಹಿಂದೆ ಅತ್ತಿಗೆ, ಎರಡೂ ಕೈಯಲ್ಲಿ ಅವರ ಸೊಂಟದ ಬೆಲ್ಟ್ ಹಿಡಿದು, ಹಲ್ಲು ಕಚ್ಚಿ... ಸಾಹೇಬರಿಗೆ ಕಾಣಲಿಲ್ಲ. ನನಗೆ ಕಂಡಿತು.
‘ಭೇಷ್! ಇನ್ನೂ ಗಟ್ಟಿ ಇದ್ದೀಯಲ್ಲಯ್ಯ,’ ಎಂದು ಬರೆದುಕೊಂಡು ಹೋದರು.

ಒಂದು ಮಾತು ಹೇಳಬೇಕಿತ್ತು. ನಾನೂ ಅಟೆನ್ಶನ್‌ನಲ್ಲಿ ನಿಂತಿದ್ದೆ. ಥೂ, ನನ್ನ ಜನ್ಮಕ್ಕಿಷ್ಟು.

ಏಪ್ರಿಲ್ ೧೫
ತಿರಸ್ಕೃತ. ಷರಾ: ‘ಸಹಾಯವಿಲ್ಲದೆ ನಿಲ್ಲಬಲ್ಲರು.’ ಮೇಲ್ಮನವಿ ಹಾಕಿದೆ. ಕಂಡದ್ದನ್ನೆಲ್ಲ ಬರೆದೆ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದವನು ನಾನೇ.

ಜೂನ್ ೨
ದಫೇದಾರರನ್ನು ಎತ್ತುವಾಗ ಅತ್ತಿಗೆ ಬಚ್ಚಲಲ್ಲಿ ಕುಸಿದರಂತೆ. ಆಸ್ಪತ್ರೆಗೆ ಓಡಿದೆ. ಎರಡೂ ಕಾಲು ಸತ್ತಿವೆ.
‘ರೈಟ್ರೇ, ಅವತ್ತು ನಾನು ಕೈ ಬಿಡ್ಬೇಕಿತ್ತು ಅಲ್ವಾ? ಬೀಳೋರು. ಮಂಜೂರಾಗ್ತಿತ್ತು.’
ಹೊರಗೆ ಬಂದೆ. ಅಳು ತಡೆಯಲಾಗಲಿಲ್ಲ.

ಆಗಸ್ಟ್ ೧೧
ಮಂಜೂರು. ದಫೇದಾರರಿಗೆ ಮಾತ್ರ. ಹೆಂಡತಿಗೆ ಅನ್ವಯಿಸುವುದಿಲ್ಲ — ಮೂರು ಸಲ ಓದಿದೆ.

ಆಗಸ್ಟ್ ೧೮, ಮಧ್ಯಾಹ್ನ ೧೨
ಇಷ್ಟು ದಿನ ನೋಡಿಕೊಂಡ ಅತ್ತಿಗೆಯ ತಂಗಿ ನಿನ್ನೆ ತನ್ನ ಮನೆಗೆ ಹೋದಳು. ಇವತ್ತು ಸಹಾಯಕ ಬಂದ. ಐವತ್ತರ ಆಸಾಮಿ, ಗಟ್ಟಿಮುಟ್ಟು. ಪಕ್ಕ ಪಕ್ಕ ಎರಡು ಮಂಚ. ನೇರ ದಫೇದಾರರ ಕಂಕುಳಿಗೆ ಕೈ ಹಾಕಿದ.
‘ನಂಗೆ ಬೇಡಪ್ಪ. ಮೊದ್ಲು ಅವಳನ್ನ ಏಳ್ಸು.’
‘ನನ್ ಡ್ಯೂಟಿ ನಿಮ್ಮೊಬ್ರದೇ ಸಾರ್. ಗೊತ್ತಾದ್ರೆ ಕೆಲ್ಸ ಹೋಗುತ್ತೆ.’
‘ಹೇಗ್ ಗೊತ್ತಾಗುತ್ತೆ? ನಿನ್ನ ಡ್ಯೂಟಿ ಹಾಳೆ ಬರೆಯೋಕೆ ರೈಟರ್ ಇದಾರೆ.’
ಅತ್ತಿಗೆ ಬೇಡ ಬೇಡ ಅಂದರು. ಅವನು ಎತ್ತಿದ. ನೋವಿಗೆ ಕಿರುಚಿಕೊಂಡರು. ಬಿಸಿನೀರು, ಬಟ್ಟೆ, ತಲೆ ಬಾಚುವುದು... ಅಷ್ಟರಲ್ಲೇ ಎರಡು ಗಂಟೆ ಮುಗಿಯಿತು. ಅವನಿಗೆ ಇನ್ನೊಂದು ಮನೆ ಇತ್ತು. ತಲೆ ತಗ್ಗಿಸಿ ಹೋದ.

ದಫೇದಾರರು ಒದ್ದೆ ಹಾಸಿಗೆಯಲ್ಲೇ. ಹಾಳೆಯಲ್ಲಿ ಪ್ರಶ್ನೆ: ‘ಫಲಾನುಭವಿಗೆ ಸ್ನಾನ ಆಯಿತೇ?’
‘ಹೌದು ಅಂತ ಬರೀರಿ,’ ಅಂದರು.
ಬರೆದೆ. ಆಮೇಲೆ ತೋಳು ಮಡಿಸಿ ನೀರು ಕಾಯಿಸಿದೆ. ನನಗೂ ಅರವತ್ತೇಳು. ಕಂಕುಳಿಗೆ ಕೈ ಹಾಕಿ ಎತ್ತಿದೆ. ಎರಡು ಬೆರಳಷ್ಟು ಮೇಲೆ ಬಂದರು, ಅಷ್ಟೇ.
‘ಬಿಡ್ರೀ,’ ಅಂದರು.
ಬಿಡಲಿಲ್ಲ. ಉಸಿರು ಬಿಗಿಹಿಡಿದು ಮತ್ತೆ ಎತ್ತಿದೆ.