ಹಕಾರ ಬಾರದ ಹುಡುಗನ ನಡತೆಪತ್ರ

ಭಾನುವಾರ, ಬೆಳಿಗ್ಗೆ

ನನ್ನ ಲೆಕ್ಕದ ಟೀಚರಿಗೆ,

ಮೂವತ್ತಮೂರು ವರ್ಷ ಒಂದೇ ಪ್ರೌಢಶಾಲೆಯಲ್ಲಿ ಭಾಷೆಯನ್ನೂ ವ್ಯಾಕರಣವನ್ನೂ ಬೋಧಿಸಿ, ಒಂದು ದಿನವೂ ತಡವಾಗಿ ತರಗತಿಗೆ ಹೋಗದೆ ನಿವೃತ್ತಳಾದ, ಮಕ್ಕಳ ಬಾಯಲ್ಲಿ ‘ಕೆಂಪು ಶಾಯಿ’ ಎಂದೇ ಹೆಸರಾದ ನಾನು, ನಿನ್ನ ಅಪೇಕ್ಷೆಯ ಮೇರೆಗೆ ಈ ಕೆಳಗಿನದನ್ನು ಬರೆಯುತ್ತಿದ್ದೇನೆ.

ಹೀಗೆ ಶುರುಮಾಡಿದ್ದಕ್ಕೆ ನಗಬೇಡ. ‘ಗೆಳತಿಯಾಗಿ ಬರೆಯಬೇಡ, ಗೆಳತಿಯರು ಸಮಾಧಾನ ಹೇಳುತ್ತಾರೆ. ಟೀಚರಾಗಿ ಬರೆ. ನನ್ನ ಮಗಳು ಕಟ್ಟಿಕೊಂಡ ಆ ರೌಡಿ ಎಂಥವನು? ಅವನ ಮನೆಯ ಹೊಸ್ತಿಲು ನಾನು ತುಳಿಯಬಹುದೇ?’ ಎಂದು ಕೇಳಿದವಳು ನೀನು. ಕೇಳಿದ್ದಕ್ಕೆ ತಕ್ಕ ಉತ್ತರ ಕೊಡುವುದು ನನ್ನ ಹಳೆಯ ಅಭ್ಯಾಸ.

ತಡವಾಯಿತು, ಕ್ಷಮಿಸು. ನೆಗಡಿಯ ನೆಪ ಹೇಳಬಹುದಿತ್ತು. ಪಿಂಚಣಿ ಕಚೇರಿಯ ಸಾಲಿನಲ್ಲಿ ನಿಂತು ಕಾಲು ಊದಿಕೊಂಡ ನೆಪವನ್ನೂ ಹೇಳಬಹುದಿತ್ತು. ಬರೆದದ್ದನ್ನೆಲ್ಲ ತಿದ್ದಿ ತಿದ್ದಿ ಹರಿದುಹಾಕಿದೆ, ಅಷ್ಟೇ. ನಿನ್ನ ಮಂಡಿನೋವು ಹೇಗಿದೆ? ನಿನ್ನ ಅಣ್ಣನ ಮನೆಯಲ್ಲಿ ಮೆಟ್ಟಿಲು ಹೆಚ್ಚು ಎಂದಿದ್ದೆ. ಹತ್ತುವಾಗ ಕಂಬಿ ಹಿಡಿದುಕೋ. ಯಾರೂ ನೋಡುತ್ತಿಲ್ಲ ಎಂದು ಬಿಂಕ ಮಾಡಬೇಡ.

ಈಗ ಅವನ ವಿಷಯ. ಹಾಡಿನ ಕಾರ್ಯಕ್ರಮದ ಪೋಸ್ಟರುಗಳ ಮೇಲೆ ಅವನು ‘ಗರಗಸ’ ಎಂದು ಹಾಕಿಸಿಕೊಳ್ಳುವುದನ್ನು ನೋಡಿದರೆ ಮೈ ಉರಿಯುತ್ತದೆ ಎಂದು ಬರೆದಿದ್ದೀಯ. ಆ ಹೆಸರಿಟ್ಟವಳು ನೀನೇ, ಮಹಾರಾಯ್ತಿ! ಎಂಟನೇ ತರಗತಿಯಲ್ಲಿ ಮಗ್ಗಿ ಒಪ್ಪಿಸಲು ಎದ್ದ ಹುಡುಗನೊಬ್ಬನ ಒಡಕು ದನಿ ಕೇಳಿ, ಸಾಕು ಕೂತ್ಕೊಳಪ್ಪ, ಗರಗಸದಲ್ಲಿ ಮರ ಕೊಯ್ದ ಹಾಗಿದೆ ಎಂದೆಯಲ್ಲ, ಅವತ್ತಿನಿಂದ ಇಡೀ ಶಾಲೆಗೆ ಅವನು ಗರಗಸನಾದ. ಮುಂದೆ ಬೀದಿಯ ಗುಂಪಿಗೆ ಅದು ಜನರನ್ನು ಹೆದರಿಸುವ ಹೆಸರಾಗಿ ಒದಗಿತು. ಈಗ ಅದೇ ಹೆಸರಿಗೆ ಜನ ಟಿಕೆಟ್ ಕೊಳ್ಳುತ್ತಾರೆ. ನಿನಗೆ ಪಾಲು ಬರಬೇಕು ಎಂದು ನಾನು ಅವನಿಗೆ ಹೇಳಿದ್ದೇನೆ.

ನನಗೆ ಅವನ ದನಿಯ ತಕರಾರು ಇರಲಿಲ್ಲ, ಹಕಾರದ ತಕರಾರು. ಅವನ ಬಾಯಲ್ಲಿ ಹಕ್ಕಿ ಅಕ್ಕಿಯಾಗುತ್ತಿತ್ತು, ಹಾಡು ಆಡಾಗಿ ಮೇಯಲು ಹೋಗುತ್ತಿತ್ತು. ತೆಳು ಕಾಗದದ ಪಟ್ಟಿಯೊಂದನ್ನು ತುಟಿಯ ಮುಂದೆ ಹಿಡಿಸಿ ‘ಹ’ ಅನ್ನಿಸುತ್ತಿದ್ದೆ. ಸರಿಯಾಗಿ ಅಂದರೆ ಕಾಗದ ಅಲುಗಬೇಕು. ಉಳಿದ ಮಕ್ಕಳ ಕಾಗದಗಳು ಪಟಪಟ ಹಾರಾಡುತ್ತಿದ್ದರೆ ಅವನದು ಸತ್ತಂತೆ ನೇತಾಡುತ್ತಿತ್ತು. ‘ಗಾಳಿ ಇಲ್ಲ ಟೀಚರ್, ಕಿಟಕಿ ತೆಗೀಲಾ?’ ಅನ್ನುವಷ್ಟು ಪೋಕರಿ. ಮೂರು ವರ್ಷ ಹಿಡಿಸಿದೆ. ಬರಲಿಲ್ಲ.

ಶಾಲೆ ಬಿಟ್ಟ ಮೇಲಿನದು ನಿನಗೆ ತಿಳಿದದ್ದೇ. ಮೇಲ್ಸೇತುವೆಯ ಕೆಳಗಿನ ಹಳೆ ಟೈರಿನ ಅಂಗಡಿಯೇ ಆ ಗುಂಪಿನ ಠಾವು. ಅಂಗಡಿಗಳವರನ್ನು ಹೆದರಿಸಿ ವಸೂಲಿ, ಆಚೆ ಬೀದಿಯ ಗುಂಪಿನೊಂದಿಗೆ ಹೊಡೆದಾಟ. ಅವನು ಒಳ್ಳೆಯವನು, ಸಹವಾಸ ಕೆಟ್ಟದ್ದಾಗಿತ್ತು ಎಂದು ನಾನು ಹೇಳುವುದಿಲ್ಲ. ಕೆಟ್ಟ ಸಹವಾಸವೆಂದು ಉಳಿದವರ ಮನೆಯವರು ತೋರಿಸುತ್ತಿದ್ದದ್ದು ಇವನನ್ನೇ. ಬಡಿದಿದ್ದಾನೆ, ಬಡಿಸಿಕೊಂಡಿದ್ದಾನೆ. ಎಡಗೈಯ ಮೇಲಿನ ಉದ್ದನೆಯ ಗಾಯದ ಗುರುತು ಅಲ್ಲಿಯದೇ. ಇದನ್ನು ಅವನು ಮುಚ್ಚಿಡುವುದಿಲ್ಲ, ನಾನೂ ಮುಚ್ಚಿಡುವುದಿಲ್ಲ.

ನಿನಗೆ ತಿಳಿಯದ ಒಂದು ಮಧ್ಯಾಹ್ನದ ಕಥೆ ಇದೆ. ಇದನ್ನು ನಾನು ಯಾರಿಗೂ ಹೇಳಿಲ್ಲ.

ಬಟ್ಟೆ ಮಡಿಸುತ್ತಾ ಕೂತಿದ್ದೆ. ಫೋನು ಬಂತು. ಅವನು ಶಾಲೆ ಬಿಟ್ಟು ನಾಲ್ಕು ವರ್ಷವಾಗಿದ್ದರೂ ಆ ದನಿಯನ್ನು ಯಾರು ಮರೆತಾರು? ‘ಟೀಚರ್, ನಾನು ಒಂದು ಕಡೆ ಒರಟಿದೀನಿ. ವಾಪಸ್ ಬರ್ತೀನೋ ಇಲ್ವೋ. ನನ್ನನ್ನ ಅರಸಿ’ ಎಂದವನೇ ಇಟ್ಟುಬಿಟ್ಟ.

ಅರಸಿ ಎಂದರೆ ಹುಡುಕಿ. ಗಾಬರಿಯಾಯಿತು. ಸುಳ್ಳೇಕೆ ಹೇಳಲಿ, ಆ ಗಾಬರಿಯ ನಡುವೆಯೂ, ಹುಡುಕಿ ಎನ್ನದೆ ಅರಸಿ ಎಂದನಲ್ಲ, ನನ್ನ ಪಾಠ ಎಲ್ಲೋ ಉಳಿದಿದೆ ಎಂದು ಹೆಮ್ಮೆಯೂ ಆಯಿತು. ಕೊಡೆ ತೆಗೆದುಕೊಂಡು ಹೊರಟೆ. ಟೈರಿನ ಅಂಗಡಿಯಲ್ಲಿ ಇರಲಿಲ್ಲ. ಕ್ಷೌರದ ಅಂಗಡಿಯವನು ನನ್ನನ್ನು ಕಂಡದ್ದೇ ಬಾಯಿಗೆ ಬೀಗ ಹಾಕಿಕೊಂಡ. ಅವನೂ ನನ್ನ ಶಿಷ್ಯನೇ. ಕಾಗುಣಿತ ಹೇಳು ನೋಡೋಣ ಎಂದು ಬಾಗಿಲಲ್ಲೇ ನಿಂತೆ, ಗಿರಾಕಿಗಳ ಮುಂದೆ ಮಾನ ಹೋಗುವುದೆಂದು ಸಗಟು ಮಾರುಕಟ್ಟೆಯ ಹಿಂದಿನ ಗೋದಾಮು ಎಂದು ಉಸುರಿದ.

ಖಾಲಿ ಮೂಟೆಗಳ ಮೇಲೆ ಅವನೂ ಸೇರಿ ನಾಲ್ವರು ಕೂತಿದ್ದರು. ಮಧ್ಯದಲ್ಲಿ ಚೀಲ, ಚೀಲದಿಂದ ತೆಗೆದ ಕಬ್ಬಿಣದ ಸರಳು ಒಬ್ಬೊಬ್ಬರ ಕೈಯಲ್ಲಿ. ಹಿಂದಿನ ವಾರ ಇವರ ಗುಂಪಿನ ಇನ್ನೊಬ್ಬನನ್ನು ಆಚೆ ಬೀದಿಯವರು ಇರಿದಿದ್ದರು, ಅದರ ಸೇಡು. ನನ್ನನ್ನು ನೋಡಿ ನಾಲ್ವರೂ ಎದ್ದು ನಿಂತರು. ಪಾಪ, ಅಭ್ಯಾಸಬಲ.

‘ನೀವ್ಯಾಕೆ ಬಂದ್ರಿ ಟೀಚರ್?’

‘ಅರಸಿ ಅಂತ ನೀನೇ ಅಂದೆಯಲ್ಲಪ್ಪ. ಅರಸಿಕೊಂಡು ಬಂದೆ.’

ಅವನು ಪಿಳಿಪಿಳಿ ನೋಡಿದ. ‘ಉಡುಕಿ ಅಂತಲ್ಲ ಟೀಚರ್. ಶಾಲೆ ಬಿಡೋವಾಗ ಎಲ್ರೂ ಸಾಲಾಗಿ ನಿಂತು ಏನೋ ಅನ್ಬೇಕು ಅಂತ ಏಳಿಕೊಟ್ಟಿದ್ರಲ್ಲ, ಅದು. ಆಶೀರ್ವಾದ.’

‘ಹರಸಿ!’ ಎಂದೆ.

‘ಅದೇ. ಅರಸಿ.’

ಪಕ್ಕದಲ್ಲಿದ್ದವನು ತಲೆ ಕೆರೆದುಕೊಂಡ. ‘ಅರಸಿ ಅಂದ್ರೆ ರಾಣಿ ಅಲ್ವಾ ಟೀಚರ್? ಇವ್ನು ನಿಮ್ಗೆ ರಾಣಿ ಅಂದ್ನಾ?’

ಯಾರು ಮೊದಲು ನಕ್ಕರೋ ತಿಳಿಯದು. ಸರಳು ಹಿಡಿದ ಕೈಗಳು ಸಡಿಲವಾಗುವಷ್ಟು ನಕ್ಕರು. ನಾನು ಮಾತ್ರ ನಗಲಿಲ್ಲ. ಒಬ್ಬನ ತಲೆ ಒಡೆಯಲು ಹೊರಟವನು ನನ್ನಿಂದ ಹರಕೆಯ ಮಾತು ಕೇಳುತ್ತಾನಲ್ಲ! ಹಕಾರ ಕಲಿಯುವ ತನಕ ನಿನಗೆ ನನ್ನ ಆಶೀರ್ವಾದವಿಲ್ಲ, ನಡಿ ಮನೆಗೆ ಎಂದು ಅವನ ಮೊಣಕೈ ಹಿಡಿದೆ. ಕೊಡವಿಕೊಳ್ಳಬಹುದಿತ್ತು, ನನ್ನ ಎರಡರಷ್ಟಿದ್ದ. ಬಂದ. ಉಳಿದ ಮೂವರನ್ನೂ ಕರೆದೆ. ಅವರು ತಲೆ ತಗ್ಗಿಸಿ ನಿಂತರೇ ಹೊರತು ಬರಲಿಲ್ಲ. ಆ ಸಂಜೆ ಅವರು ಹೋದರು. ಇಬ್ಬರು ಇನ್ನೂ ಜೈಲಿನಲ್ಲಿದ್ದಾರೆ. ರಾಣಿ ಎಂದು ನಗಿಸಿದವನಿಗೆ ಈಗ ಬಲಗೈ ಆಡುವುದಿಲ್ಲ. ಇವನು ತಿಂಗಳಿಗೊಮ್ಮೆ ಹೋಗಿ ಅವನ ಗಡ್ಡ ಕೆರೆದು ಬರುತ್ತಾನೆ.

ನೀನು ಲೆಕ್ಕದವಳು, ನೀನೇ ಹೇಳು. ಅವನು ಅಂದು ಸರಿಯಾಗಿ ಹರಸಿ ಎಂದಿದ್ದರೆ, ಒಳ್ಳೆಯದಾಗಲಿ ಮಗು ಎಂದು ನಾನು ಬಟ್ಟೆ ಮಡಿಸುವುದಕ್ಕೆ ಮರಳುತ್ತಿದ್ದೆ. ಕಲಿಸಲಾಗದ ಒಂದೇ ಒಂದು ಅಕ್ಷರಕ್ಕೆ ನಾನು ಈಗಲೂ ಕೈಮುಗಿಯುತ್ತೇನೆ.

ಅವನು ನನ್ನ ಮನೆಯ ಮುಂದಿನ ಕೋಣೆಯಲ್ಲಿ ಒಂದು ಮಳೆಗಾಲ ಕಳೆದ. ಹೊರಗೆ ಹೋದರೆ ಎರಡೂ ಗುಂಪಿನವರು ಕಾಯುತ್ತಿದ್ದರು. ಸುಮ್ಮನೆ ಕೂರದೆ ಚಮಚದಲ್ಲಿ ಮೇಜು ಕುಟ್ಟುತ್ತಿದ್ದ, ಕುಟ್ಟುತ್ತಾ ಗೊಣಗುತ್ತಿದ್ದ. ನನಗೆ ತಲೆ ಸಿಡಿಯುತ್ತಿತ್ತು. ಏನದು ಎಂದರೆ ರ‍್ಯಾಪ್ ಎಂದ. ಕೇಳಿದೆ. ಮಾತ್ರೆ ತಪ್ಪುತ್ತಿತ್ತು, ಕೇಳಿಕೊಂಡು ಸುಮ್ಮನಿರುವುದು ನನ್ನಿಂದಾಗುತ್ತದೆಯೇ? ಲಘು ಎಲ್ಲಿ, ಗುರು ಎಲ್ಲಿ ಎಂದು ಸ್ಲೇಟಿನ ಮೇಲೆ ಗೆರೆ ಹಾಕಿ ತೋರಿಸಿದೆ. ಅವನು ಗೆರೆಗಳನ್ನೇ ನೋಡುತ್ತಾ, ‘ಟೀಚರ್, ಇದು ಡ್ರಮ್ಮು’ ಎಂದ. ತರಗತಿಯಲ್ಲಿ ನಿದ್ದೆ ಹೊಡೆದ ಛಂದಸ್ಸನ್ನು ಆ ಮಳೆಗಾಲದಲ್ಲಿ ಹಸಿದವನು ಉಂಡಹಾಗೆ ಉಂಡ. ಬಯ್ಗುಳ ಬೇಡವೆಂದೆ. ಬಯ್ಗುಳ ಬಿಟ್ಟರೆ ಪ್ರಾಸ ಎಲ್ಲಿಂದ ತರಲಿ ಎಂದ. ನಿಘಂಟು ಕೊಟ್ಟೆ.

ಆಮೇಲೆ ನೀರಿನ ಕ್ಯಾನು ಹೊರುವ ಕೆಲಸಕ್ಕೆ ಸೇರಿದ. ಮೆಟ್ಟಿಲು ಹತ್ತುವ ಲಯದಲ್ಲೇ ಪದ ಕಟ್ಟುತ್ತಿದ್ದನಂತೆ. ನಾಲ್ಕನೇ ಮಹಡಿಯ ಹಾಡುಗಳೇ ಚೆನ್ನ, ಉಸಿರು ಕಟ್ಟಿರುತ್ತೆ ಎನ್ನುತ್ತಾನೆ. ಮೊದಲ ಧ್ವನಿಮುದ್ರಣವಾದದ್ದು ದರ್ಜಿಯ ಅಂಗಡಿಯಲ್ಲಿ. ತೂಗುಹಾಕಿದ ಕೋಟುಗಳ ನಡುವೆ ದನಿ ಮಾರ್ದನಿಸುವುದಿಲ್ಲವಂತೆ. ಆ ಹಾಡಿನ ಹೆಸರು ‘ಅರಸಿ’. ಹಕಾರ ಹಾಕು ಎಂದು ಎಷ್ಟು ಹೇಳಿದರೂ, ಉಳಿದದ್ದೆಲ್ಲ ತಿದ್ದಿ ಟೀಚರ್, ಅದೊಂದನ್ನ ಬಿಟ್ಟುಬಿಡಿ ಎಂದ. ಬಿಟ್ಟೆ. ಸಭಾಂಗಣದ ತುಂಬ ಹರೆಯದ ಮಕ್ಕಳು ಒಕ್ಕೊರಲಿನಿಂದ ಅದನ್ನು ಕೂಗುವಾಗ ನಾನು ಮೊದಲ ಸಾಲಿನಲ್ಲಿ ಹತ್ತಿ ತುರುಕಿದ ಕಿವಿಯೊಡನೆ ಕೂತಿದ್ದೆ. ಕಣ್ಣಿಗೂ ಹತ್ತಿ ಬೇಕಾಯಿತು.

ನಿನ್ನ ಮಗಳು ಅವನಿಗೆ ಸಿಕ್ಕಿದ್ದು ಹೇಗೆಂದು ಅವಳು ನಿನಗೆ ಹೇಳುವಷ್ಟರಲ್ಲಿ ನೀನು ಬಾಗಿಲು ಹಾಕಿದೆ. ನಾನು ಹೇಳುತ್ತೇನೆ. ಅವಳು ಕೆಲಸ ಮಾಡುವ ಕನ್ನಡಕದ ಅಂಗಡಿಗೆ ಇವನು ಕಣ್ಣು ತೋರಿಸಲು ಹೋದ. ಗೋಡೆಯ ಅಕ್ಷರಗಳನ್ನು ಓದು ಎಂದಳು. ‘ಹ’ ಬಂದಲ್ಲೆಲ್ಲ ಇವನು ಗಟ್ಟಿಯಾಗಿ ‘ಅ’ ಎಂದ. ಪಾಪ ಇಷ್ಟು ಚಿಕ್ಕ ವಯಸ್ಸಿಗೆ ಹೀಗಾ ಎಂದು ಅವಳು ಪವರ್ ಏರಿಸಿದಳು, ಏರಿಸುತ್ತಲೇ ಹೋದಳು. ಆ ದಪ್ಪ ಕನ್ನಡಕ ಹಾಕಿಕೊಂಡು ಎರಡು ಕಡೆ ಎಡವಿ ಬಿದ್ದು, ದೂರು ಕೊಡಲು ಮರಳಿ ಬಂದ. ಆಮೇಲೆ ದೂರಿಲ್ಲದೆಯೂ ಬಂದ.

‘ಕೈ ಎತ್ತುತ್ತಾನೆಯೇ?’ ಎಂದು ನೀನು ಕೇಳಿದ್ದೀಯ. ತಾಯಿಯಾಗಿ ಮೊದಲು ಕೇಳಬೇಕಾದದ್ದೇ ಅದು. ಅವನಿಲ್ಲದ ಹೊತ್ತಿನಲ್ಲಿ, ಬಾಗಿಲು ಮುಚ್ಚಿ, ನಾನೂ ನಿನ್ನ ಮಗಳನ್ನು ಅದನ್ನೇ ಕೇಳಿದೆ. ‘ಇಲ್ಲ ದೊಡ್ಡಮ್ಮ. ಸಿಟ್ಟು ಬಂದ್ರೆ ಮೆಟ್ಟಿಲು ಇಳಿದು ಹೊರಟುಬಿಡ್ತಾನೆ. ಮದುವೆಯಾದ ಹೊಸದರಲ್ಲಿ ಬೀದಿ ಕೊನೆ ತನಕ ಹೋಗ್ತಿದ್ದ. ಈಗ ಎರಡನೇ ಮಹಡಿಯಿಂದ್ಲೇ ವಾಪಸ್ಸು. ಮಗು ಅಳೋದು ಕೇಳುತ್ತಲ್ಲ’ ಎಂದಳು. ಅವಳ ಮುಖವನ್ನೂ ನೋಡಿದೆ, ತೋಳನ್ನೂ ನೋಡಿದೆ. ನಿಜ ಹೇಳುತ್ತಿದ್ದಾಳೆ.

ನಾನು ಕಣ್ಣಾರೆ ಕಂಡದ್ದನ್ನೂ ಬರೆಯುತ್ತೇನೆ. ಮಗುವನ್ನು ಎತ್ತಿಕೊಳ್ಳುವ ಮೊದಲು ಬೆರಳಿನ ಉಂಗುರಗಳನ್ನೆಲ್ಲ ಕಳಚಿ ಕಿಟಕಿಯಲ್ಲಿಡುತ್ತಾನೆ. ಮಗುವಿನ ಪುಟ್ಟ ಬಟ್ಟೆಗಳನ್ನು ಒಗೆದು, ನೀನು ಭಾಗಾಕಾರದ ಮೆಟ್ಟಿಲು ಹಾಕಿದ ಹಾಗೆ, ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ ಒಣಹಾಕುತ್ತಾನೆ. ನೀನು ಮರ ಕೊಯ್ದ ಹಾಗೆ ಎಂದ ಆ ದನಿಯನ್ನು ಎದೆಯೊಳಗೇ ಗುಂಯ್ಗುಡಿಸಿದರೆ ನಿನ್ನ ಮೊಮ್ಮಗಳು ಅವನ ಎಡಗೈಯ ಗಾಯದ ಗುರುತನ್ನು ಹಿಡಿದುಕೊಂಡು ನಿದ್ದೆಹೋಗುತ್ತಾಳೆ. ಹಳೆಯ ಗುಂಪಿನ ಯಜಮಾನನೊಬ್ಬ ದೊಡ್ಡ ಕಾರ್ಯಕ್ರಮ ಮಾಡಿಸುತ್ತೇನೆಂದು ಕಾರು ಕಳಿಸಿದ್ದ. ಇವನು ಕಾರಿನ ಚಾಲಕನಿಗೆ ಚಹಾ ಕೊಟ್ಟು, ‘ಮಗು ಮಲಗೈತೆ, ಆರ್ನ್ ಒಡೀಬೇಡಿ ಅಣ್ಣ’ ಎಂದು ಖಾಲಿ ಕಾರನ್ನು ಹಿಂದಕ್ಕೆ ಕಳಿಸಿದ. ಆ ಅವಕಾಶಕ್ಕಾಗಿ ಅವನ ಓರಗೆಯವರು ಕಾಲಿಗೆ ಬೀಳುತ್ತಿದ್ದರು.

ದೋಷಗಳಿವೆ. ಬೇಗ ಮುನಿಯುತ್ತಾನೆ. ಸುದ್ದಿಪತ್ರಿಕೆಯವರೊಂದಿಗೆ ಮಾತಾಡುವಾಗ ಜಂಬ ಹೆಚ್ಚು. ಕೈಬರಹ ಈಗಲೂ ನೋಡಲಾಗದು. ನೂರಕ್ಕೆ ಎಪ್ಪತ್ತೆರಡು ಕೊಡುತ್ತೇನೆ. ನಾನು ಯಾರಿಗೂ ಎಪ್ಪತ್ತು ದಾಟಿಸಿದವಳಲ್ಲ ಎಂಬುದಕ್ಕೆ ಶಿಕ್ಷಕರ ಕೊಠಡಿಯಲ್ಲಿ ಅದಕ್ಕಾಗಿಯೇ ನನ್ನೊಂದಿಗೆ ಜಗಳವಾಡಿದ ನೀನೇ ಸಾಕ್ಷಿ.

ಹೊಸ್ತಿಲು ತುಳಿಯಬಹುದು. ಬೇಗ ತುಳಿ.

ನಿನ್ನ ಮಂಡಿಗೆ ಬಲ ಬರಲಿ, ಮನಸ್ಸಿಗೆ ಅದಕ್ಕಿಂತ ಮೊದಲು ಬರಲಿ. ನೀನಿಲ್ಲದೆ ಆ ಶಾಲೆಯಲ್ಲಿ ಇಷ್ಟು ವರ್ಷ ನಾನು ನಗುತ್ತಿರಲಿಲ್ಲ. ಅದಕ್ಕಾಗಿ ಧನ್ಯವಾದ ಎಂದು ಎಂದೂ ಬಾಯಿಬಿಟ್ಟು ಹೇಳಿರಲಿಲ್ಲ. ಇಲ್ಲಿ ಬರೆದಿದ್ದೇನೆ, ಎರಡು ಸಲ ಓದಿಕೋ.

ನಿನ್ನ
ಕೆಂಪು ಶಾಯಿ

ಮರೆತ ಮಾತು: ಹೆರಿಗೆಯ ದಿನ ಅವನು ನಿನಗೆ ಫೋನು ಮಾಡಿದ್ದ. ಹೆಸರು ನೋಡಿ ಕತ್ತರಿಸಿದೆ ಎಂದು ನೀನೇ ಬರೆದಿದ್ದೀಯ. ಏತಕ್ಕೆ ಮಾಡಿದ್ದನೆಂದು ಗೊತ್ತಿರಲಿ. ಒಳಗೆ ನಿನ್ನ ಮಗಳು ‘ಅಮ್ಮಾ’ ಎಂದು ಕೂಗುವುದು ಹೊರಗಿನ ಬೆಂಚಿನವರೆಗೂ ಕೇಳುತ್ತಿತ್ತು. ಅವಳು ಕೂಗಿದಾಗಲೆಲ್ಲ ಅವನು ನಿನ್ನ ನಂಬರು ಒತ್ತುತ್ತಿದ್ದ. ಆಮೇಲೆ ನರ್ಸಮ್ಮ ಬಟ್ಟೆಯಲ್ಲಿ ಸುತ್ತಿದ ಮಗುವನ್ನು ಹಿಡಿದು ಬಂದು, ಅಜ್ಜಿ ಯಾರು, ಬನ್ನಿ ಎಂದಳು. ಅವನು ನನ್ನ ಕಡೆ ನೋಡಿದ. ನಾನು ಎದ್ದು ನಿಂತು, ‘ನಾನೇ’ ಎಂದೆ.

ಮದುವೆಯಿಲ್ಲದ ನನ್ನನ್ನು ಲೋಕ ಟೀಚರ್ ಎಂದಿದೆ, ದೊಡ್ಡಮ್ಮ ಎಂದಿದೆ. ಅಜ್ಜಿ ಎಂದು ಕರೆದು ಕೈಗೆ ಮಗುವನ್ನು ಕೊಟ್ಟದ್ದು ಅದೊಂದೇ ಸಲ. ಎರಡು ತಿಂಗಳಿಂದ ಆ ಮನೆಯಲ್ಲಿ ನಾನು ಅಜ್ಜಿಯಾಗಿದ್ದೇನೆ ಕಣೇ. ನಿನ್ನ ಕಾಗದ ಬಂದಾಗಲೇ ಗೊತ್ತಿತ್ತು, ಉತ್ತರ ಬರೆದರೆ ನೀನು ಬಂದೇ ಬರುತ್ತೀಯ ಎಂದು. ಅದಕ್ಕೇ ತಡವಾಯಿತು.

ಲಗತ್ತುಗಳು:
ನಡತೆಯ ಪ್ರಮಾಣಪತ್ರ, ನನ್ನ ಸಹಿಯೊಂದಿಗೆ.
‘ಅರಸಿ’ ಹಾಡಿನ ಸಾಹಿತ್ಯ, ನನ್ನ ತಿದ್ದುಪಡಿಗಳೊಂದಿಗೆ.
ಮಗುವಿನ ಭಾವಚಿತ್ರ, ಹುಬ್ಬು ನಿನ್ನದೇ.
ಬಸ್ಸು ಇಳಿದಲ್ಲಿಂದ ಅವರ ಮನೆಯವರೆಗಿನ ದಾರಿಯ ನಕ್ಷೆ.
ಕಾಗದವಲ್ಲದ್ದು ಒಂದು: ಅವರ ಬಾಗಿಲಿನ ಇನ್ನೊಂದು ಕೀಲಿಕೈ. ಇಷ್ಟು ದಿನ ನನ್ನ ಬಳಿ ಇತ್ತು.