ಎರಡು ಗುಟುಕು ನೀರು

ಮಾರ್ಚ್ 4, ಬೆಳಿಗ್ಗೆ 8

ಮೂಗಿನ ಟ್ಯೂಬಿನಲ್ಲಿ ಇನ್ನೂರೈವತ್ತು ಎಂಎಲ್ ಫೀಡ್ ಇಳಿಯಿತು. ರುಚಿ ದೇವರಿಗೇ ಗೊತ್ತು, ನಾಲಿಗೆಗೆ ತಾಗುವುದೇ ಇಲ್ಲ. ಈ ಸ್ಟ್ರೋಕು ಕೈಕಾಲು ಬಿಟ್ಟು ನನ್ನ ಗಂಟಲನ್ನೇ ಹಿಡಿದಿದೆ. ಇಪ್ಪತ್ತೆಂಟು ವರ್ಷ ಮೈದಾನದಲ್ಲಿ ಕೂಗಾಡಿದ ಪಿ.ಟಿ. ಟೀಚರ್ ಗಂಟಲು. ಈಗ ನನಗೇ ಡ್ರಿಲ್ — ಗದ್ದ ಬಗ್ಗಿಸು, ಉಸಿರು ಹಿಡಿ, ನುಂಗು, ಕೆಮ್ಮು. ದಿನಕ್ಕೆ ಅರವತ್ತು ಸಲ. ಸದಾ ಚಮಚ ಹಿಡಿದೇ ಹೇಳಿಕೊಡುವ ಥೆರಪಿಸ್ಟ್ ಹುಡುಗಿಗೆ ಚಮಚದಮ್ಮ ಎಂದು ಹೆಸರಿಟ್ಟಿದ್ದೇನೆ. ಶುಕ್ರವಾರ ನುಂಗುವ ಟೆಸ್ಟ್. ಪಾಸಾದರೆ ಬಾಯಿಂದ ಊಟ, ಫೇಲಾದರೆ ಹೊಟ್ಟೆಗೆ ತೂತು ಮಾಡಿ ಟ್ಯೂಬ್. ನಾನು ಫೇಲಾಗುವುದೇ... ನೋಡೋಣ.

ಮಾರ್ಚ್ 5, ಮಧ್ಯಾಹ್ನ

ಬಾಯಿ ಒಣಗಿ ಮರಳಾಗಿದೆ. ತಮ್ಮನನ್ನು ಗೋಗರೆದೆ.

"ಬರೀ ನೀರು ಕಣೋ. ನೀರಿಂದ ಏನಾಗುತ್ತೆ?"

"ಬೇಡ ಅಕ್ಕ, ಡಾಕ್ಟ್ರು ಬೈತಾರೆ."

ಆದರೂ ನನ್ನ ಮಾತು ಮೀರುವವನಲ್ಲ. ಎರಡು ಗುಟುಕು ಕುಡಿದೆ. ಆಹಾ...

ಮಾರ್ಚ್ 14

ಬದುಕಿದ್ದೇನೆ. ಆ ನೀರು ಶ್ವಾಸಕೋಶಕ್ಕೆ ಇಳಿದಿತ್ತಂತೆ. ಜ್ವರ, ಆಕ್ಸಿಜನ್, ಟೆಸ್ಟ್ ಮುಂದಕ್ಕೆ. "ನೀರೇ ಮೇಡಂ ಎಲ್ಲಕ್ಕಿಂತ ಮೋಸ ಮಾಡೋದು. ನುಂಗೋಕೆ ಮುಂಚೆನೇ ಜಾರಿಬಿಡುತ್ತೆ," ಎಂದಳು ಚಮಚದಮ್ಮ. ತಪ್ಪು ನನ್ನದು, ಬೈಸಿಕೊಂಡವನು ತಮ್ಮ. ಅಂದಿನಿಂದ ಹೊರಗಿನ ಬೆಂಚಿನಲ್ಲೇ ಕೂರುತ್ತಾನಂತೆ, ಒಳಗೆ ಕಾಲಿಡುವುದಿಲ್ಲ.

ಮಾರ್ಚ್ 21, 11 ಗಂಟೆ

ಪಾಸ್! ಎಕ್ಸ್‌ರೇ ಪರದೆಯಲ್ಲಿ ಕಣ್ಣಾರೆ ನೋಡಿದೆ. ಗಟ್ಟಿ ಮಾಡಿದ ದ್ರವ ನೆಟ್ಟಗೆ ಹೊಟ್ಟೆಯ ದಾರಿ ಹಿಡಿಯಿತು. ತೂತೂ ಇಲ್ಲ, ಗೀತೂ ಇಲ್ಲ. ಮಂಚದಿಂದಿಳಿದು ಕುಣಿಯುವಷ್ಟು ಖುಷಿ. ಸದ್ಯಕ್ಕೆ ಗಟ್ಟಿಯಾದದ್ದು ಮಾತ್ರ — ಚಮಚ ಓರೆ ಮಾಡಿದರೆ ಮೆಲ್ಲಗೆ ಜಾರಬೇಕು. ತಿನ್ನಿಸುವುದನ್ನು ಮನೆಯವರೊಬ್ಬರು ಕಲಿಯಬೇಕಂತೆ.

"ಯಾರು ಕಲೀತಾರೆ ಮೇಡಂ?"

ಬಾಗಿಲ ಕಡೆ ಬೆರಳು ತೋರಿಸಿದೆ.

11.40

ಚಮಚದಮ್ಮ ತಮ್ಮನನ್ನು ಎಳೆದುಕೊಂಡೇ ಬಂದಳು.

"ನನ್ ಕೈಲಿ ಬೇಡ ಅಕ್ಕ. ನಿನ್ನ ಜೀವಕ್ಕೇ ಸಂಚಕಾರ ತಂದವನು ನಾನು."

"ಕೇಳಿದ್ದು ನಾನು. ಕೂತ್ಕೋ."

ಮಾತು ತೊದಲಿದರೂ ಗದರಿಕೆ ಹಳೆಯದೇ. ಕೂತ. ನುಣ್ಣಗೆ ಅರೆದ ಬಾಳೆಹಣ್ಣು. ಚಮಚ ಓರೆ ಮಾಡಿ ನೋಡಿದ. ಮತ್ತೆ ನೋಡಿದ. ಇದು ಐದನೆಯ ಸಲ. ಅವನಿಗೆ ಭಯ, ನನಗೆ ಆಸೆ. ಬಾಳೆಹಣ್ಣಿನ ವಾಸನೆ ಬಂತು...

"ಅಕ್ಕ, ಬರೆಯೋದು ನಿಲ್ಸು. ಬಾಯಿ ತೆಗಿ."

ನನಗೇ ಆರ್ಡರ್. ಸರಿ ಕಣೋ, ತೆಗೆ—