ತೊಟ್ಟಿಲ ಮುನ್ನಾ ದಿನದ ಗುಳ್ಳೆ

೧೪ ಜೂನ್, ಶನಿವಾರ

...ಕೂಸಿನ ಹತ್ತಿರ ಬಾಯಿ ಒಯ್ಯಬೇಡಿ ಎಂದರೋ, ತಾಗಿಸಬೇಡಿ ಎಂದರೋ. ಡಾಕ್ಟರ ಉಳಿದ ಮಾತು ನೆನಪಿದೆ: "ಮುಲಾಮಿನಾಗ ವೈರಸ್ಸಿಗೂ ಔಷಧ ಐತಿ, ಸ್ಟಿರಾಯ್ಡೂ ಐತ್ರಿ. ಬಾವು ಇಳೀತೈತಿ. ಆದ್ರ ಗುಳ್ಳಿ ಆರೋತನ ಅಂಟ್ತೈತಿ." ಹಚ್ಚಿದೆ. ಬಾವು ಇಳಿದು ತುಟಿಯ ಗುಳ್ಳೆ ಸಣ್ಣದಾಗಿದೆ. ಇನ್ನು ಇದು ಅಂಟುತ್ತದೆ ಎಂದರೆ ಯಾರೂ ನಂಬುವುದಿಲ್ಲ.

ನಾಳೆ ಚಿತ್ತವಾಡ್ಗಿಯಲ್ಲಿ ತಮ್ಮನ ಮಗಳಿಗೆ ತೊಟ್ಟಿಲು. ಸೋದರತ್ತೆ ನಾನೇ ಬಗ್ಗಿ ಅದರ ಕಿವಿಯಲ್ಲಿ ಹೆಸರು ಉಸುರಬೇಕು. ಆಗ ಶಾಸ್ತ್ರಕ್ಕೆಂದು ಹೆಂಗಸರೆಲ್ಲ ನನ್ನ ಬೆನ್ನಿಗೆ ಗುದ್ದುತ್ತಾರೆ. ಒಂದು ಗುದ್ದಿಗೆ ತುಟಿ ಕೂಸಿಗೆ ತಾಗುತ್ತದೆ.

ಫೋನಿನಲ್ಲಿ ಅವ್ವ ನಕ್ಕಳು: "ಹಲ್ಲಿ ಉಚ್ಚಿ ಹೊಯ್ದು ಎದ್ದ ಗುಳ್ಳಿ ಅದು, ಬಿಡವಾ. ಮಕ್ಕಳಿಲ್ಲದಾಕಿ ಹಿಂದ ಸರದ್ರ ಹೊಟ್ಟಿಕಿಚ್ಚು ಅಂತಾರ ಮಂದಿ."

ಹೋದರೆ ಬಗ್ಗಿಸದೆ ಬಿಡುವುದಿಲ್ಲ. ನಾನು ಹೋಗುವುದಿಲ್ಲ. ಸುಧಾರಾಣಿ, ಕೂಸಿನ ತಾಯಿ ನೀನು; ನಿನಗೂ ಅದು ಹೊಟ್ಟೆಕಿಚ್ಚೆಂದೇ ಕಾಣುತ್ತದೆಯೇ?